ವಿದ್ಯಾರ್ಥಿಗಳ ಕಿರುಚಿತ್ರಕ್ಕೆ ಹಣ ಹೊಂದಿಸುವ ಬಗೆ

ಹತ್ತು ಹನ್ನೆರಡು ನಿಮಿಷದ ಕಿರುಚಿತ್ರಕ್ಕೆ ಹಣ ಕೊಡುವವರು ಯಾರೂ ಅದು ತಮಗೆ ವಾಪಸು ಬರುತ್ತದೆಂದು ಲೆಕ್ಕ ಹಾಕಿ ಕೊಡುವುದಿಲ್ಲ. ಕಿರುಚಿತ್ರ ಚಿತ್ರಮಂದಿರಕ್ಕೆ ಬರುವುದಿಲ್ಲ, ಅದರ ಟಿವಿ ಹಕ್ಕನ್ನು ಕೊಳ್ಳುವವರು ಸಿಗುವುದು ಅಪರೂಪ, ಯೂಟ್ಯೂಬಿನಿಂದ ಸಿಗುವ ಜಾಹೀರಾತಿನ ಪಾಲು ಯೂನಿಟ್ಟಿನ ಒಂದು ಹೊತ್ತಿನ ಊಟಕ್ಕೂ ಸಾಲದಿರುವುದೇ ಹೆಚ್ಚು. ಹೀಗಿದ್ದೂ ಜನ ಹಣ ಕೊಡುತ್ತಾರೆ, ಏಕೆಂದರೆ ಈ ಹುಡುಗ ಹುಡುಗಿಯರು ಹೇಳಿದ ಕೆಲಸವನ್ನು ಹೇಳಿದ ಮೊತ್ತದಲ್ಲಿ ಮುಗಿಸಿ ತೋರಿಸುತ್ತಾರೆ ಎಂಬ ನಂಬಿಕೆ ಅವರಿಗಿರುತ್ತದೆ. ಅಂಥ ನಂಬಿಕೆ ಕಥೆಯನ್ನು ರಸವತ್ತಾಗಿ ಹೇಳುವುದರಿಂದ ಸ್ವಲ್ಪ ಹುಟ್ಟಬಹುದು, ಸರಿಯಾದ ಲೆಕ್ಕದ ಹಾಳೆಯಿಂದ ಬಹಳಷ್ಟು ಹುಟ್ಟುತ್ತದೆ. ಆದ್ದರಿಂದ ಹಣ ಕೇಳಲು ಹೊರಡುವ ಮೊದಲು ಎಷ್ಟು ಬೇಕು, ಯಾವುದಕ್ಕೆ ಬೇಕು, ಯಾವ ದಿನದೊಳಗೆ ಬೇಕು ಎಂಬ ಮೂರಕ್ಕೂ ತಂಡದಲ್ಲಿರುವ ಎಲ್ಲರೂ ಒಂದೇ ಉತ್ತರ ಕೊಡುವಂತಿರಬೇಕು.

ಚಿತ್ರಕಥೆಯಲ್ಲೇ ಉಳಿತಾಯ

ಬಜೆಟ್ ಬರೆಯುವ ಕೆಲಸ ಚಿತ್ರಕಥೆಯ ಕೊನೆಯ ಕರಡಿನಿಂದ ಆರಂಭವಾಗಬೇಕು. ಪ್ರತಿ ದೃಶ್ಯಕ್ಕೂ ಒಂದು ಸಾಲು ಮಾಡಿಕೊಂಡು, ಅದು ಎಲ್ಲಿ ನಡೆಯುತ್ತದೆ, ಹಗಲೋ ರಾತ್ರಿಯೋ, ಒಳಾಂಗಣವೋ ಹೊರಾಂಗಣವೋ, ಯಾವ ನಟರಿದ್ದಾರೆ, ಯಾವ ಸಾಮಾನು ಬೇಕು, ವಾಹನವೋ ಪ್ರಾಣಿಯೋ ಚಿಕ್ಕ ಮಕ್ಕಳೋ ಇದ್ದಾರೆಯೇ ಎಂದು ಬರೆಯುತ್ತಾ ಹೋದರೆ, ಯಾವ ದೃಶ್ಯ ಎಷ್ಟು ಹಣ ನುಂಗುತ್ತದೆ ಎಂಬುದು ತಾನಾಗಿಯೇ ಕಾಣಿಸುತ್ತದೆ. ರಾತ್ರಿ ಬಸ್ ನಿಲ್ದಾಣದಲ್ಲಿ ಇಬ್ಬರು ಮಾತನಾಡುವ ದೃಶ್ಯಕ್ಕೆ ಅನುಮತಿ, ಹೆಚ್ಚುವರಿ ಲೈಟು, ಜನರೇಟರು, ಜನರನ್ನು ತಡೆಯುವ ಹುಡುಗರು, ರಾತ್ರಿ ಊಟ, ಹುಡುಗಿಯರನ್ನು ಮನೆಗೆ ತಲುಪಿಸುವ ಗಾಡಿ ಎಲ್ಲವೂ ಬೇಕಾಗುತ್ತದೆ. ಅದೇ ಮಾತನ್ನು ಬೆಳಗಿನ ಹೊತ್ತು ಮನೆಯ ಹಿತ್ತಲಿನಲ್ಲಿ ಆಡಿಸಿದರೆ ಬೆಳಕನ್ನು ಮುಖದತ್ತ ತಿರುಗಿಸುವ ಒಂದು ಬಿಳಿ ಥರ್ಮೊಕೋಲ್ ಹಲಗೆ ಸಾಕಾಗಬಹುದು.

ಇದರರ್ಥ ಖರ್ಚಿನ ದೃಶ್ಯಗಳನ್ನೆಲ್ಲ ಕಿತ್ತು ಹಾಕಬೇಕು ಎಂದಲ್ಲ. ವೈದ್ಯಕೀಯ ಓದಿ ಆಮೇಲೆ ಪುಣೆಯ ಸಿನಿಮಾ ಕಲಿಕೆಯ ಸಂಸ್ಥೆ ಎಫ್‌ಟಿಐಐ ಸೇರಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಗೇ ಆಗದೆ ಹೋಗುವ ಜನಪದ ಕಥೆ ಅದು. ಅಲ್ಲಿ ರಾತ್ರಿ ಬಿಟ್ಟರೆ ಕಥೆಯೇ ಇಲ್ಲ. ಅಂಥ ಚಿತ್ರದ ಚಿತ್ರೀಕರಣ ನಾಲ್ಕು ದಿನಗಳಲ್ಲಿ ಮುಗಿದಿತ್ತು. ಕಥೆ ಬೇಡುವ ರಾತ್ರಿಗೆ ಖರ್ಚು ಮಾಡಲೇಬೇಕು. ಬರೆಯುವಾಗ ಕೈಗೆ ಬಂತೆಂದು ಬಂದು ಕುಳಿತ ರಾತ್ರಿಯನ್ನು ಹಗಲು ಮಾಡುವುದಕ್ಕೆ ನಿರ್ದೇಶಕ ಒಪ್ಪಬೇಕು. ಈ ಒಂದು ತಿದ್ದುಪಡಿಯಿಂದ ಉಳಿಯುವಷ್ಟು ಹಣ ಎಷ್ಟೋ ಸಲ ಒಬ್ಬ ಪ್ರಾಯೋಜಕನಿಂದಲೂ ಹುಟ್ಟುವುದಿಲ್ಲ.

ಇದೇ ಹಂತದಲ್ಲಿ ಕಥೆಯ ಹಕ್ಕನ್ನೂ ಸರಿಪಡಿಸಿಕೊಳ್ಳಬೇಕು. ಪ್ರಕಟವಾದ ಸಣ್ಣಕಥೆಯನ್ನು ಆಧರಿಸಿದ್ದರೆ ಲೇಖಕರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ಒಪ್ಪಿಗೆ ಬೇಕು. ಭಾರತದಲ್ಲಿ ಲೇಖಕರ ನಿಧನಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಕನ್ನಡದ ಲೇಖಕರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು ಗೌರವದಿಂದ ಕೇಳಿದರೆ ದೊಡ್ಡ ಮೊತ್ತವನ್ನೇನೂ ಕೇಳುವುದಿಲ್ಲ, ಆದರೆ ಕೇಳದೆ ಮಾಡಿದ ಚಿತ್ರವನ್ನು ಉತ್ಸವಕ್ಕೆ ಕಳಿಸುವಾಗ ಹಕ್ಕಿನ ಘೋಷಣೆಗೆ ಸಹಿ ಹಾಕಬೇಕಾಗಿ ಬಂದಾಗ ಕೊಟ್ಟವರ ಹಣವೆಲ್ಲ ಅಲ್ಲೇ ನಿಂತುಹೋಗುತ್ತದೆ. ಹಳೆಯ ಚಿತ್ರಗೀತೆಯೊಂದನ್ನು ಹಿನ್ನೆಲೆಯಲ್ಲಿ ಬಳಸುವ ಆಸೆಗೂ ಇದೇ ಮಾತು ಅನ್ವಯಿಸುತ್ತದೆ. ಗೆಳೆಯನೊಬ್ಬ ಹೊಸದಾಗಿ ಮಾಡಿಕೊಟ್ಟ ಕೊಳಲಿನ ಒಂದು ಎಳೆ ಅದಕ್ಕಿಂತ ಎಷ್ಟೋ ಅಗ್ಗ.

ಲೆಕ್ಕದ ಹಾಳೆ

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮೂರು ದಿನಗಳ ಶೆಡ್ಯೂಲು, ನಟರೂ ಸೇರಿ 14 ಜನರ ಯೂನಿಟ್ಟು, ಜಿಲ್ಲಾ ಕೇಂದ್ರವೊಂದರಲ್ಲಿ ಚಿತ್ರೀಕರಣ. ದರಗಳು ಊರಿಂದ ಊರಿಗೆ ಬೇರೆಯಾಗುತ್ತವೆ, ಆದ್ದರಿಂದ ಇಲ್ಲಿನ ಅಂಕಿಗಳನ್ನು ಹಾಳೆ ತುಂಬುವ ಕ್ರಮಕ್ಕಷ್ಟೇ ಮಾದರಿಯಾಗಿ ನೋಡಬೇಕು. ತಿಂಡಿ, ಊಟ, ಎರಡು ಬಾರಿ ಚಹಾ ಸೇರಿ ತಲೆಗೆ ದಿನಕ್ಕೆ 250 ರೂಪಾಯಿಯಂತೆ 10,500, ಕ್ಯಾಮೆರಾ, ಲೆನ್ಸು, ಟ್ರೈಪಾಡ್ ಬಾಡಿಗೆ ದಿನಕ್ಕೆ 4,500ರಂತೆ 13,500, ಲೈಟಿಗೆ 7,500, ಉಪಕರಣ ಸಮೇತ ಬರುವ ಸೌಂಡ್ ರೆಕಾರ್ಡಿಸ್ಟಿಗೆ ದಿನಕ್ಕೆ 4,000ದಂತೆ 12,000, ಓಡಾಟಕ್ಕೆ 9,000, ಉಡುಪು ಮತ್ತು ಸಾಮಾನಿಗೆ 6,000, ಹಿರಿಯ ರಂಗಕಲಾವಿದರಿಬ್ಬರ ಗೌರವಧನ 6,000, ಜಾಗ ಮತ್ತು ಅನುಮತಿಗೆ 5,000, ಎರಡು ಹಾರ್ಡ್ ಡಿಸ್ಕಿಗೆ 9,000, ಕಲರ್ ಗ್ರೇಡಿಂಗ್ (ಬಣ್ಣ ಹೊಂದಿಸುವುದು), ಸೌಂಡ್ ಮಿಕ್ಸಿಂಗ್ (ಧ್ವನಿಗಳನ್ನು ಬೆರೆಸಿ ಹೊಂದಿಸುವುದು), ಸಂಗೀತ, ಸಬ್‌ಟೈಟಲ್ ಸೇರಿ 23,000, ಉತ್ಸವಗಳ ಪ್ರವೇಶ ಶುಲ್ಕಕ್ಕೆ 10,000. ಇಷ್ಟನ್ನು ಕೂಡಿದರೆ 1,11,500 ರೂಪಾಯಿ ಆಗುತ್ತದೆ. ಅದರ ಮೇಲೆ ಶೇ. 10ರಷ್ಟನ್ನು ಅನಿರೀಕ್ಷಿತ ಖರ್ಚೆಂದು ಸೇರಿಸಿದರೆ 1,22,650.

ಈ ಹಾಳೆಯಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಕೊನೆಯ ಮೂರು ಬಾಬತ್ತುಗಳನ್ನು, ಎಂದರೆ ಹಾರ್ಡ್ ಡಿಸ್ಕು, ಚಿತ್ರೀಕರಣೋತ್ತರ ಕೆಲಸ ಮತ್ತು ಉತ್ಸವದ ಶುಲ್ಕ. ಮೂರೂ ಸೇರಿ 42,000, ಅಂದರೆ ಮೂಲ ಮೊತ್ತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಚಿತ್ರೀಕರಣ ಮುಗಿಸಿ ಕುಂಬಳಕಾಯಿ ಒಡೆದ ಮಾರನೆಯ ದಿನ ಉತ್ಸಾಹವೂ ಹಣವೂ ಒಟ್ಟಿಗೇ ಮುಗಿದು, ಫೂಟೇಜು ಯಾರದೋ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಉಳಿದುಬಿಡುವುದಕ್ಕೆ ಕಾರಣ ಇದೇ. ಚಿತ್ರೀಕರಣ ಮುಗಿದ ಮೇಲೆ ಮತ್ತೆ ಹಣ ಕೇಳುವುದು ಬಹಳ ಕಷ್ಟ, ಏಕೆಂದರೆ ನೋಡುವವರ ಕಣ್ಣಿಗೆ ಸಿನಿಮಾ ಮಾಡಿ ಆಗಿದೆ. ಆದುದರಿಂದ ಮೊದಲ ದಿನ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕೆಂಬ ಕಾಲ್‌ಶೀಟ್ ಬರೆಯುವುದಕ್ಕಿಂತ ಮುಂಚೆಯೇ ಈ 42,000 ರೂಪಾಯಿ ಪ್ರತ್ಯೇಕವಾಗಿ ಕೈಯಲ್ಲಿರಬೇಕು. ಅದಿಲ್ಲದಿದ್ದರೆ ದಿನಾಂಕವನ್ನು ಮುಂದೂಡುವುದು ಮೇಲು. ಖರ್ಚು ಕಡಿತ ಮಾಡಲೇಬೇಕಾದರೆ ಕ್ಯಾಮೆರಾದಲ್ಲಿ ಮಾಡಬಹುದು, ಸೌಂಡಿನಲ್ಲಿ ಮಾಡಬಾರದು. ಚಿತ್ರ ತುಸು ಮಂಕಾಗಿದ್ದರೆ ಪ್ರೇಕ್ಷಕ ಸಹಿಸಿಕೊಳ್ಳುತ್ತಾನೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾನೆ.

ಹಣವಲ್ಲದೆ ಬರಬಹುದಾದದ್ದು

ಹಾಳೆ ಸಿದ್ಧವಾದ ಮೇಲೆ ಪ್ರತಿಯೊಂದು ಸಾಲಿನ ಮುಂದೆಯೂ ‘ಇದನ್ನು ಹಣ ಕೊಡದೆ ಪಡೆಯಬಹುದೇ’ ಎಂದು ಕೇಳಿಕೊಳ್ಳಬೇಕು. ಕಾಲೇಜಿನ ಪತ್ರಿಕೋದ್ಯಮ ಅಥವಾ ದೃಶ್ಯಮಾಧ್ಯಮ ವಿಭಾಗದಲ್ಲಿ ಕ್ಯಾಮೆರಾ ಇದ್ದರೆ ವಿಭಾಗದ ಮುಖ್ಯಸ್ಥರಿಗೆ ಬರೆಯುವ ಒಂದು ಪತ್ರದಿಂದ 13,500 ರೂಪಾಯಿ ಉಳಿಯುತ್ತದೆ. ಅಜ್ಜಿಯ ಮನೆಯಲ್ಲೋ ಸ್ನೇಹಿತನ ತೋಟದಲ್ಲೋ ಶೂಟಿಂಗ್ ಇಟ್ಟುಕೊಂಡು, ಅಕ್ಕಿ ಬೇಳೆ ತರಕಾರಿ ತಂದುಕೊಟ್ಟು ಅಲ್ಲೇ ಅಡುಗೆ ಮಾಡಿಸಿದರೆ ಊಟದ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ 5,500 ಉಳಿಯಿತು ಎಂದುಕೊಳ್ಳೋಣ. ಎರಡೂ ಸೇರಿ 19,000 ಕಳೆದರೆ 92,500, ಅನಿರೀಕ್ಷಿತ ಖರ್ಚು ಸೇರಿಸಿ 1,01,750. ಕೇಳಬೇಕಾದ ಮೊತ್ತ ಈಗ 1,02,000 ಎಂದು ಹೇಳಬಹುದು.

ಬಾಡಿಗೆಗೇ ಕ್ಯಾಮೆರಾ ತರಬೇಕಾದವರು ಪಂಚಾಂಗ ನೋಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಸಿನಿಮಾ ಉಪಕರಣಗಳ ಬಾಡಿಗೆ ಅಂಗಡಿಗಳು ವರ್ಷವಿಡೀ ಓಡುತ್ತವೆ, ಆದರೆ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಒಳ್ಳೆಯ ಕ್ಯಾಮೆರಾ, ಅದು ಅಲುಗದಂತೆ ಹಿಡಿಯುವ ಗಿಂಬಲ್, ಡ್ರೋನ್ ಇರುವುದು ಮದುವೆ ಫೋಟೊಗ್ರಾಫರುಗಳ ಬಳಿ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳು ನಿಲ್ಲುವುದರಿಂದ ಆ ಉಪಕರಣಗಳು ಕಪಾಟಿನಲ್ಲಿರುತ್ತವೆ. ಆ ದಿನಗಳಲ್ಲಿ ಮೂರು ದಿನಕ್ಕೆ ಎರಡು ದಿನದ ಬಾಡಿಗೆ ಎಂದು ಮಾತನಾಡಿಕೊಳ್ಳಲು ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ಟೈಟಲ್ ಕಾರ್ಡಿನಲ್ಲಿ ಸ್ಟುಡಿಯೋ ಹೆಸರು ಹಾಕಿದರೆ ಸಾಕೆಂದು ಕೊಟ್ಟೂಬಿಡುತ್ತಾರೆ. ಆಷಾಢದಲ್ಲಿ ಮಲೆನಾಡು ಕರಾವಳಿಗಳಲ್ಲಿ ಮಳೆಯ ಕಾಟವಿರುತ್ತದೆಯಾದ್ದರಿಂದ ಅಲ್ಲಿಯವರಿಗೆ ಧನುರ್ಮಾಸವೇ ಅನುಕೂಲ.

ಪುಕ್ಕಟೆ ಸಿಕ್ಕಿದ ವಸ್ತು ಮತ್ತು ಶ್ರಮವನ್ನೂ ಅದರ ಮಾರುಕಟ್ಟೆ ಬೆಲೆಯೊಂದಿಗೆ ಹಾಳೆಯಲ್ಲಿ ಬರೆದಿಡಬೇಕು. ‘ಕಾಲೇಜಿನಿಂದ ಕ್ಯಾಮೆರಾ, 13,500 ರೂಪಾಯಿ ಮೌಲ್ಯ’ ಎಂಬ ಸಾಲನ್ನು ನೋಡಿದ ದಾನಿಗೆ, ತನಗಿಂತ ಮೊದಲು ಯಾರೋ ಇವರನ್ನು ನಂಬಿದ್ದಾರೆ ಎಂಬುದು ತಿಳಿಯುತ್ತದೆ. ಆದರೆ ಒಂದು ಎಚ್ಚರಿಕೆ: ಹಗ್ಗ ಎಳೆಯುವವನಿಂದ ನಟಿಸುವವರವರೆಗೆ ಎಲ್ಲರನ್ನೂ ಪುಕ್ಕಟೆ ದುಡಿಸಿಕೊಂಡು ಬಜೆಟ್ ಚಿಕ್ಕದೆಂದು ಹೆಮ್ಮೆಪಡುವುದು ಸರಿಯಲ್ಲ. ಸಹಪಾಠಿಗಳು ಪರಸ್ಪರ ಚಿತ್ರಗಳಿಗೆ ದುಡಿಯುವುದು ಬೇರೆ, ಅದರಿಂದಲೇ ಹೊಟ್ಟೆ ಹೊರೆಯುವ ರಂಗಕಲಾವಿದರನ್ನೋ ಲೈಟ್‌ಬಾಯ್‌ಗಳನ್ನೋ ಕರೆಸಿ ದಿನದ ಭತ್ಯೆಯಾದ ಬಾಟಾ ಕೂಡ ಕೊಡದಿರುವುದು ಬೇರೆ.

ಮನೆಯವರು, ನೆಂಟರು, ಪರಿಚಿತರು

ಮೊದಲ ಹಣ ಯಾವಾಗಲೂ ಹತ್ತಿರದವರಿಂದಲೇ ಬರುತ್ತದೆ, ಅದಕ್ಕೆ ಸಂಕೋಚ ಬೇಡ. ನಮ್ಮಲ್ಲಿ ಮದುವೆಮನೆಯ ಬಾಗಿಲಲ್ಲಿ ಒಬ್ಬರು ನೋಟುಪುಸ್ತಕ ಹಿಡಿದು ಕುಳಿತು ಹೆಸರು, ಊರು, ಮೊತ್ತ ಎಂದು ಮುಯ್ಯಿ ಬರೆಯುತ್ತಾರೆ. ಐವತ್ತು ರೂಪಾಯಿ ಕೊಟ್ಟವರ ಹೆಸರೂ ಐದು ಸಾವಿರ ಕೊಟ್ಟವರ ಹೆಸರೂ ಒಂದೇ ಅಕ್ಷರದಲ್ಲಿ ಇರುತ್ತದೆ, ಮುಂದೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಆ ಪುಟವನ್ನು ತೆಗೆದು ನೋಡುತ್ತಾರೆ. ಕಿರುಚಿತ್ರದ ವಂತಿಗೆಯನ್ನೂ ಅದೇ ಶಿಸ್ತಿನಿಂದ ಬರೆದಿಟ್ಟುಕೊಂಡರೆ ಮುಕ್ಕಾಲು ಗೊಂದಲ ತಪ್ಪುತ್ತದೆ.

ಕೇಳುವ ರೀತಿಯಲ್ಲಿ ಮುಖ್ಯವಾದದ್ದು ನಿರ್ದಿಷ್ಟತೆ. ಇನ್ನೂರು ಜನರಿಗೆ ಒಂದೇ ಸಂದೇಶವನ್ನು ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಿ ‘ನಮ್ಮ ಕನಸಿಗೆ ಕೈಜೋಡಿಸಿ’ ಎಂದರೆ ಯಾರೂ ಅದನ್ನು ತಮಗೆ ಬರೆದದ್ದೆಂದು ಓದುವುದಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ, ಒಂದು ವಸ್ತುವನ್ನು ಹೆಸರಿಸಿ, ಅದರ ಬೆಲೆ ಹೇಳಿ ಕೇಳಬೇಕು. ಮಾದರಿಗೆ ಹೀಗೆ ಬರೆಯಬಹುದು: “ಚಿಕ್ಕಪ್ಪ, ನಮಸ್ಕಾರ. ನಮ್ಮ ಕೊನೆಯ ವರ್ಷದ ಕಿರುಚಿತ್ರವನ್ನು ಜನವರಿ ಮೊದಲ ವಾರ ಊರಿನ ಹಳೇ ಮನೆಯಲ್ಲೇ ಶೂಟ್ ಮಾಡುತ್ತಿದ್ದೇವೆ. ಒಟ್ಟು 1,02,000 ರೂಪಾಯಿ ಬೇಕು, ಈವರೆಗೆ 38,000 ಸೇರಿದೆ. ಸೌಂಡ್ ರೆಕಾರ್ಡಿಸ್ಟಿಗೆ ದಿನಕ್ಕೆ 4,000 ಕೊಡಬೇಕು. ಒಂದು ದಿನದ್ದು ನಿಮ್ಮಿಂದ ಆದೀತೇ? ಲೆಕ್ಕದ ಹಾಳೆ ಕಳಿಸಿದ್ದೇನೆ, ನೋಡಿ. ಆಗದಿದ್ದರೆ ಬೇಸರವಿಲ್ಲ, ಚಿಕ್ಕಮ್ಮನನ್ನು ಕರೆದುಕೊಂಡು ಶೂಟಿಂಗ್ ನೋಡಲು ಬನ್ನಿ.” ಈ ಸಂದೇಶದಲ್ಲಿ ಮೊತ್ತವಿದೆ, ದಿನಾಂಕವಿದೆ, ಈಗಾಗಲೇ ಎಷ್ಟು ಸೇರಿದೆ ಎಂಬುದಿದೆ, ಇಲ್ಲ ಎನ್ನುವುದಕ್ಕೆ ದಾರಿಯೂ ಇದೆ. ಕೊನೆಯದು ಇಲ್ಲದಿದ್ದರೆ ಕೊಡಲಾಗದವರು ಉತ್ತರಿಸುವುದನ್ನೇ ಬಿಡುತ್ತಾರೆ, ಮುಂದಿನ ಹಬ್ಬಕ್ಕೆ ಎದುರುಬದುರಾದಾಗ ಇಬ್ಬರಿಗೂ ಮುಜುಗರ.

ಸಂಬಳದಾರರನ್ನು ತಿಂಗಳ ಮೊದಲ ವಾರದಲ್ಲಿ ಕೇಳುವುದು, ಶಾಲೆಗಳ ಶುಲ್ಕ ಕಟ್ಟುವ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕೇಳದಿರುವುದು ವಿವೇಕ. ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಬಹುದು, ಎರಡನೆಯ ಸಲ ನೆನಪಿಸಬಾರದು.

ಊರಿನ ವ್ಯಾಪಾರಸ್ಥರು

ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಹಿಂದೆ ಓಡಿ ದಿನ ಕಳೆಯುವುದು ಬೇಡ. 2013ರ ಕಂಪನಿ ಕಾಯ್ದೆಯಡಿ ಆ ಹಣವನ್ನು ಕಂಪನಿ ತಾನೇ ನಡೆಸುವ ಕಾರ್ಯಕ್ರಮಗಳಿಗೆ ಅಥವಾ ನೋಂದಾಯಿತ ಸಂಸ್ಥೆಗಳ ಮೂಲಕ ಖರ್ಚು ಮಾಡಬೇಕಾದ್ದರಿಂದ ಬಿಡಿ ವಿದ್ಯಾರ್ಥಿಗೆ ಅದು ಎಟಕುವುದಿಲ್ಲ. ಊರಿನ ಬೇಕರಿ, ಬಟ್ಟೆ ಅಂಗಡಿ, ಮುದ್ರಣಾಲಯ, ಕೋಚಿಂಗ್ ಸೆಂಟರ್, ಹೋಟೆಲು ಇವರು ಕೊಡುವುದು ಜಾಹೀರಾತಿನ ಖರ್ಚಿನಿಂದ. ಅವರಿಗೆ ಬೇಕಾದದ್ದು ತಮ್ಮ ಹೆಸರು ಊರಿನವರ ಕಣ್ಣಿಗೆ ಬೀಳುವುದು. ಆದ್ದರಿಂದ ಅವರೊಂದಿಗೆ ಕಲೆಯ ಬಗ್ಗೆ ಮಾತನಾಡುವುದಕ್ಕಿಂತ, ಊರಿನಲ್ಲಿ ಮೊದಲ ಪ್ರದರ್ಶನ ಎಲ್ಲಿ, ಯಾವಾಗ, ಎಷ್ಟು ಜನ ಸೇರುತ್ತಾರೆ, ಅವರ ಹೆಸರು ಎಲ್ಲೆಲ್ಲಿ ಕಾಣುತ್ತದೆ ಎಂಬುದನ್ನು ಹೇಳಬೇಕು.

ಅಂಗಡಿಗೆ ಹೋಗುವಾಗ ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಇಬ್ಬರೇ ಹೋಗಬೇಕು. ಕೈಯಲ್ಲಿ ಮೂರು ಹಾಳೆಗಳಿದ್ದರೆ ಸಾಕು: ಪ್ರಾಂಶುಪಾಲರ ಪತ್ರ, ಕಥೆಯ ಐದು ಸಾಲಿನ ಸಾರದೊಂದಿಗೆ ತಂಡದ ಪರಿಚಯ, ಲೆಕ್ಕದ ಹಾಳೆ. ಪ್ರಾಂಶುಪಾಲರ ಪತ್ರದಲ್ಲಿ ವಿದ್ಯಾರ್ಥಿಗಳ ಹೆಸರು, ತರಗತಿ, ಇದು ಕಾಲೇಜಿನ ಅರಿವಿನಲ್ಲೇ ನಡೆಯುತ್ತಿರುವ ಚಿತ್ರವೆಂಬ ಒಕ್ಕಣೆ, ಮೊಹರು ಇರಬೇಕು. ಪೊಲೀಸ್ ಠಾಣೆಗೂ ಶೂಟಿಂಗ್ ಜಾಗದ ಮಾಲೀಕರಿಗೂ ಇದೇ ಪತ್ರ ಉಪಯೋಗಕ್ಕೆ ಬರುತ್ತದೆ. ಬೇಕರಿಯವರಲ್ಲಿ ಹತ್ತು ಸಾವಿರ ನಗದು ಕೇಳುವುದಕ್ಕಿಂತ ಮೂರು ದಿನದ ಬೆಳಗಿನ ತಿಂಡಿ ಕೇಳುವುದು ಸುಲಭ, ಮುದ್ರಣಾಲಯದವರಲ್ಲಿ ಐವತ್ತು ಪೋಸ್ಟರು ಕೇಳುವುದು ಇನ್ನೂ ಸುಲಭ. ದಸರಾ, ದೀಪಾವಳಿಗಳ ಮುಂಚೆ ಬಟ್ಟೆ ಅಂಗಡಿಗಳವರು ಪ್ರಚಾರಕ್ಕೆ ಹಣ ಬಿಚ್ಚುತ್ತಾರೆ, ಮಾರ್ಚಿಯಲ್ಲಿ ಎಲ್ಲರೂ ಲೆಕ್ಕ ಮುಗಿಸುವ ತಲೆನೋವಿನಲ್ಲಿರುತ್ತಾರೆ.

ಒಪ್ಪಿಕೊಂಡದ್ದನ್ನು ಅಂದೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು: ಎಷ್ಟು, ಯಾವಾಗ, ಪ್ರತಿಯಾಗಿ ಏನು. ಚಿತ್ರದೊಳಗೆ ಅಂಗಡಿಯ ಬೋರ್ಡು ಕಾಣಬೇಕು ಎಂಬ ಷರತ್ತು ಬಂದರೆ ಅದು ಕಥೆಗೆ ಒಗ್ಗುತ್ತದೆಯೇ ಎಂದು ನಿರ್ದೇಶಕನೇ ತೀರ್ಮಾನಿಸಬೇಕು, ಹಣ ಕೇಳಲು ಹೋದವನು ಅಲ್ಲೇ ತಲೆಯಾಡಿಸಿ ಬರಬಾರದು. ಚುನಾವಣೆ ಹತ್ತಿರವಿದ್ದರೆ ಕೆಲವರು ಕೇಳದೆಯೇ ಕೊಡಲು ಬರುತ್ತಾರೆ. ಅವರ ಹಣ ತೆಗೆದುಕೊಂಡರೆ ಪೋಸ್ಟರಿನಲ್ಲಿ ನಾಯಕಿಗಿಂತ ದೊಡ್ಡದಾಗಿ ಯಾರ ಭಾವಚಿತ್ರವಿರುತ್ತದೆ ಎಂಬುದನ್ನು ಊಹಿಸಿಕೊಂಡು ಉತ್ತರ ಕೊಡಬೇಕು.

ಕಾಲೇಜು ಮತ್ತು ಹಳೆಯ ವಿದ್ಯಾರ್ಥಿಗಳು

ವಿದ್ಯಾರ್ಥಿ ಸಂಘ, ಸಾಂಸ್ಕೃತಿಕ ವೇದಿಕೆ, ಹಳೆಯ ವಿದ್ಯಾರ್ಥಿಗಳ ಸಂಘ ಈ ಮೂರರಲ್ಲಿ ಕೊನೆಯದು ಹೆಚ್ಚು ಫಲ ಕೊಡುತ್ತದೆ. ಸಂಘದ ಖಾತೆಗೆ ಹಣ ಬಂದು ಅಲ್ಲಿಂದ ಚಿತ್ರಕ್ಕೆ ಬಿಡುಗಡೆಯಾಗುವಂತೆ ಮಾಡಿಕೊಂಡರೆ ದಾನಿಗಳಿಗೂ ಧೈರ್ಯ. ಆ ಸಂಘಕ್ಕೆ ಆದಾಯ ತೆರಿಗೆಯ 80ಜಿ ನೋಂದಣಿ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ವಿನಾಯಿತಿಯ ರಸೀದಿಯೂ ಸಿಗುತ್ತದೆ, ಆದರೆ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಆ ಸೌಲಭ್ಯವಿಲ್ಲ. ಬಿಡಿ ವಿದ್ಯಾರ್ಥಿಯೊಬ್ಬ 80ಜಿ ರಸೀದಿ ಕೊಡಲು ಬರುವುದಿಲ್ಲ, ಹಾಗೆಂದು ಯಾರಿಗೂ ಹೇಳಬಾರದು.

ಸರ್ಕಾರದ ಸಹಾಯಧನವನ್ನು ಬಜೆಟ್ಟಿನ ಜಮೆ ಕಡೆಯಲ್ಲಿ ಬರೆಯುವುದು ಬೇಡ. ರಾಜ್ಯದ ಚಲನಚಿತ್ರ ಸಹಾಯಧನ ಪೂರ್ಣಗೊಂಡು ಪ್ರಮಾಣಪತ್ರ ಪಡೆದ ಕಥಾಚಿತ್ರಗಳಿಗಾಗಿ ಇರುವಂಥದ್ದು. ಸಹಾಯಾರ್ಥ ಪ್ರದರ್ಶನ ಮಾತ್ರ ನಮ್ಮ ಹವ್ಯಾಸಿ ರಂಗಭೂಮಿ ದಶಕಗಳಿಂದ ನೆಚ್ಚಿಕೊಂಡು ಬಂದಿರುವ ದಾರಿ, ಅದನ್ನು ಇಂದಿನ ಸಿನಿಮಾ ವಿದ್ಯಾರ್ಥಿಗಳು ಮರೆತಂತಿದೆ. ಕಾಲೇಜಿನ ನಾಟಕ ತಂಡ ಒಂದು ಸಂಜೆ ಸಭಾಂಗಣದಲ್ಲಿ ನೂರು ರೂಪಾಯಿ ಟಿಕೆಟ್ಟಿನ ನಾಟಕವಾಡಿ, 150 ಜನ ಬಂದರೆ, ನಾಟಕಕಾರರ ಗೌರವಧನ ಮತ್ತು ಧ್ವನಿ ಬೆಳಕಿನ ಖರ್ಚು ಕಳೆದು ಹತ್ತು ಸಾವಿರ ಉಳಿಯುವುದು ಕಷ್ಟವಲ್ಲ. ಅದರ ಜೊತೆಗೆ ಚಿತ್ರಕ್ಕೆ ಮೊದಲ ಪ್ರೇಕ್ಷಕರೂ ಸಿಕ್ಕಿರುತ್ತಾರೆ.

ಜನರಿಂದ ಹಣ ಕೂಡಿಸುವುದು

ಕ್ರೌಡ್‌ಫಂಡಿಂಗ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 2013ರಲ್ಲಿ ತೆರೆಕಂಡ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟು ಆ ಚಿತ್ರವನ್ನು ಸಾಧ್ಯವಾಗಿಸಿದರು. ಅದಕ್ಕೂ ಬಹಳ ಹಿಂದೆ, 1976ರಲ್ಲಿ, ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಇವೆರಡನ್ನೂ ವಿದ್ಯಾರ್ಥಿಗಳು ಸ್ಫೂರ್ತಿಗೆಂದು ಉದಾಹರಿಸುತ್ತಾರೆ, ಆದರೆ ಅವು ಹೇಗೆ ಕೆಲಸ ಮಾಡಿದವು ಎಂಬುದನ್ನು ಗಮನಿಸುವವರು ಕಡಿಮೆ. ಪವನ್ ಕುಮಾರ್ ಅಷ್ಟರಲ್ಲಾಗಲೇ ಒಂದು ಚಿತ್ರವನ್ನು ನಿರ್ದೇಶಿಸಿದ್ದರು, ತಮ್ಮ ಬರಹಗಳ ಮೂಲಕ ಓದುಗರ ಬಳಗವನ್ನು ಕಟ್ಟಿಕೊಂಡಿದ್ದರು. ‘ಮಂಥನ್’ ಆ ಹಾಲು ಉತ್ಪಾದಕರದ್ದೇ ಸಹಕಾರ ಸಂಘದ ಕಥೆ, ಹಣ ಕೂಡಿಸಲು ಸಂಘಗಳ ಜಾಲ ಊರೂರಿನಲ್ಲೂ ಮೊದಲೇ ಇತ್ತು.

ವಿದ್ಯಾರ್ಥಿಗೆ ಮೊದಲನೆಯ ಬಲ ಇರುವುದಿಲ್ಲ, ಎರಡನೆಯದನ್ನು ಹುಡುಕಿಕೊಳ್ಳಬಹುದು. ಚಿತ್ರದ ವಸ್ತು ಯಾರ ಬದುಕಿಗೆ ಸಂಬಂಧಿಸಿದೆಯೋ ಅವರ ಸಂಘ, ವಾಟ್ಸಾಪ್ ಬಳಗ, ಪತ್ರಿಕೆ ಎಲ್ಲಿದೆ ಎಂದು ನೋಡಬೇಕು. ನೇಕಾರರ ಕುಟುಂಬದ ಕಥೆಯಾದರೆ ನೇಕಾರರ ಸಂಘ, ಕಿವುಡ ಹುಡುಗಿಯ ಕಥೆಯಾದರೆ ಆ ಮಕ್ಕಳ ಪಾಲಕರು, ತುಳು ಅಥವಾ ಕೊಡವ ಭಾಷೆಯ ಚಿತ್ರವಾದರೆ ಆ ಭಾಷೆಯ ಕೂಟಗಳು ಸಿನಿಮಾಪ್ರೇಮಿಗಳಿಗಿಂತ ಮೊದಲು ಸ್ಪಂದಿಸುತ್ತವೆ.

ಜನರಿಂದ ಹಣ ಕೂಡಿಸುವ ಅಮೆರಿಕದ ತಾಣ ಕಿಕ್‌ಸ್ಟಾರ್ಟರ್ ಭಾರತದಲ್ಲಿ ನೆಲೆಸಿರುವವರಿಗೆ ಯೋಜನೆ ತೆರೆಯಲು ಅವಕಾಶ ಕೊಡುವುದಿಲ್ಲ. ಭಾರತದ ಮಿಲಾಪ್, ಕೆಟ್ಟೊ ತಾಣಗಳಲ್ಲಿ ಚಿಕಿತ್ಸೆಯ ಕೋರಿಕೆಗಳೇ ಮುಂದೆ ಕಾಣುವುದರಿಂದ ಒಂದು ಲಕ್ಷದ ಕಿರುಚಿತ್ರಕ್ಕೆ ಅಪರಿಚಿತರು ಬಂದು ಕೊಡುತ್ತಾರೆಂಬ ನಿರೀಕ್ಷೆ ಇಟ್ಟುಕೊಳ್ಳಬಾರದು. ತಾಣವನ್ನು ಬಳಸುವುದಾದರೆ ಅದರ ಶುಲ್ಕ, ಪಾವತಿ ಶುಲ್ಕ, ಗುರಿ ಮುಟ್ಟದಿದ್ದರೆ ಹಣ ಕೈಗೆ ಬರುತ್ತದೆಯೇ ಇಲ್ಲವೇ ಎಂಬ ನಿಯಮ ಇಷ್ಟನ್ನೂ ಮೊದಲು ಓದಿಕೊಳ್ಳಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಯುಪಿಐ ಕ್ಯೂಆರ್ ಸಂಕೇತ ಮತ್ತು ಎಲ್ಲರಿಗೂ ಕಾಣುವ ಒಂದು ಲೆಕ್ಕದ ಹಾಳೆಯೇ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಪ್ರತಿಯಾಗಿ ಕೊಡುವ ಕಾಣಿಕೆಗಳ ಆಶ್ವಾಸನೆಯಲ್ಲೂ ಜಿಪುಣತನವಿರಲಿ: ಅರವತ್ತು ಜನರಿಗೆ ಸಹಿ ಮಾಡಿದ ಪೋಸ್ಟರ್ ಕಳಿಸುತ್ತೇವೆಂದರೆ ಮುದ್ರಣ, ಸುತ್ತಿ ಕಳಿಸುವ ಕೊಳವೆ, ಅಂಚೆ ಸೇರಿ ಒಂದು ದಿನದ ಶೂಟಿಂಗಿನ ಹಣ ಅಲ್ಲೇ ಹೋಗುತ್ತದೆ. ಟೈಟಲ್ ಕಾರ್ಡಿನಲ್ಲಿ ಹೆಸರು, ಮೊದಲ ಪ್ರದರ್ಶನಕ್ಕೆ ಆಹ್ವಾನ ಇವೆರಡು ಸಾಕು.

ಕಾನೂನಿನ ಕಟ್ಟುಗಳು

ಬಂದ ಹಣವನ್ನು ‘ಹೂಡಿಕೆ’ ಎಂದು ಎಲ್ಲಿಯೂ ಕರೆಯಬಾರದು, ಲಾಭದಲ್ಲಿ ಪಾಲು ಕೊಡುತ್ತೇವೆ ಎಂದು ಸಾರ್ವಜನಿಕವಾಗಿ ಹೇಳಲೇಬಾರದು. ಹಣ ಹಿಂದಿರುಗಿಸುವ ಮಾತು ಕೊಟ್ಟು ಜನರಿಂದ ಎತ್ತುವುದು ಠೇವಣಿ ಸಂಗ್ರಹದ ಕಾನೂನುಗಳ ವ್ಯಾಪ್ತಿಗೆ ಬರಬಹುದು, 2019ರಲ್ಲಿ ಅನಿಯಂತ್ರಿತ ಠೇವಣಿಗಳ ನಿಷೇಧಕ್ಕೆಂದೇ ಕಾಯ್ದೆ ಬಂದಿದೆ. ರಸೀದಿಯಲ್ಲಿ ‘ಚಿತ್ರ ನಿರ್ಮಾಣಕ್ಕೆ ಕೊಟ್ಟ ವಂತಿಗೆ, ಹಿಂದಿರುಗಿಸುವ ಕರಾರಿಲ್ಲ’ ಎಂಬ ಒಕ್ಕಣೆ ಇರಲಿ.

ಆದಾಯ ತೆರಿಗೆ ಕಾನೂನಿನಂತೆ ಒಬ್ಬ ವ್ಯಕ್ತಿಗೆ ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಉಡುಗೊರೆಯ ಒಟ್ಟು ಮೊತ್ತ 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ಆದಾಯವೆಂದು ಲೆಕ್ಕವಾಗುತ್ತದೆ. ಅಪ್ಪ ಅಮ್ಮ, ಅಜ್ಜ ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಇವರು ಕಾನೂನಿನ ಕಣ್ಣಿನಲ್ಲಿಯೂ ಸಂಬಂಧಿಕರು. ಚಿಕ್ಕಪ್ಪನ ಮಗ, ಸ್ನೇಹಿತ, ಅಪ್ಪನ ಸಹೋದ್ಯೋಗಿ ಅಲ್ಲ. ಬೇರೆ ಆದಾಯವಿಲ್ಲದ ವಿದ್ಯಾರ್ಥಿಗೆ ತೆರಿಗೆ ವಿನಾಯಿತಿಯ ಮಿತಿಯೊಳಗೇ ಇದು ಮುಗಿಯುವುದು ಸಾಮಾನ್ಯ, ಆದರೂ ಯಾರಿಂದ ಎಷ್ಟು ಎಂಬ ಪಟ್ಟಿ ಕೈಯಲ್ಲಿರಬೇಕು. ಪರಿಚಯದ ಲೆಕ್ಕಪರಿಶೋಧಕರೊಬ್ಬರ ಬಳಿ ಒಂದು ಗಂಟೆ ಕುಳಿತು ಬರುವುದು ಲೇಸು.

ಹೊರದೇಶದಲ್ಲಿರುವ ಕನ್ನಡಿಗರಿಂದ ಹಣ ಪಡೆಯುವಾಗ ಪಾಸ್‌ಪೋರ್ಟಿನ ವಿಚಾರ ಮುಖ್ಯವಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ, ಅವರ ಬಳಿ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹತ್ತಿರದ ಸಂಬಂಧಿಕರು ಕಳಿಸಿದ್ದಕ್ಕೆ ವಿನಾಯಿತಿ ಉಂಟು. ಆದ್ದರಿಂದ ಅಮೆರಿಕದಲ್ಲಿರುವ ಅಣ್ಣನಿಂದ ಪಡೆಯುವುದರಲ್ಲಿ ತೊಂದರೆಯಿಲ್ಲ, ಅಣ್ಣನ ಕನ್ನಡ ಕೂಟದ ಗೆಳೆಯರಿಂದ ಪಡೆಯುವ ಮೊದಲು ಕೇಳಿ ತಿಳಿಯಬೇಕು.

ಹಣ ಬಂದ ಮೇಲೆ

ಚಿತ್ರಕ್ಕೆಂದೇ ಒಂದು ಪ್ರತ್ಯೇಕ ಉಳಿತಾಯ ಖಾತೆ ಇರಲಿ, ಅದನ್ನು ನಿರ್ದೇಶಕನ ಬದಲು ಪ್ರೊಡಕ್ಷನ್ ನೋಡಿಕೊಳ್ಳುವವರು ನಿರ್ವಹಿಸಲಿ. ಶೂಟಿಂಗಿನ ನಡುವೆ ‘ಇನ್ನೊಂದು ದಿನ ಸಿಕ್ಕಿದ್ದರೆ’ ಎಂದು ಹಂಬಲಿಸುವವನ ಕೈಯಲ್ಲೇ ಹಣವಿದ್ದರೆ ಸೌಂಡ್ ಮಿಕ್ಸಿಂಗಿಗೆ ಇಟ್ಟದ್ದು ಉಳಿಯುವುದಿಲ್ಲ. ಪ್ರತಿ ರಾತ್ರಿ ಯೂನಿಟ್ಟು ಮಲಗುವ ಮೊದಲು ಆ ದಿನದ ಬಿಲ್ಲುಗಳನ್ನು ಒಂದು ಲಕೋಟೆಗೆ ಹಾಕಿ, ಮೇಲೆ ದಿನಾಂಕ ಮತ್ತು ಮೊತ್ತ ಬರೆದಿಡಬೇಕು. ಆಟೋ, ಎಳನೀರು, ಹೂವು ಮುಂತಾದ ಬಿಲ್ಲಿಲ್ಲದ ಖರ್ಚುಗಳನ್ನು ಚೀಟಿಯಲ್ಲಿ ಬರೆದು ಖರ್ಚು ಮಾಡಿದವರ ಸಹಿ ಹಾಕಿಸಿದರಾಯಿತು.

ದಾನಿಗಳಿಗೆ ಮೂರು ಸಲ ಬರೆದರೆ ಸಾಕು: ಶೂಟಿಂಗ್ ಮುಗಿದ ದಿನ ಒಂದು ಫೋಟೊದೊಂದಿಗೆ, ಎಡಿಟಿಂಗ್ ಮುಗಿದಾಗ, ಮೊದಲ ಪ್ರದರ್ಶನದ ದಿನಾಂಕ ಗೊತ್ತಾದಾಗ. ಅನೇಕ ಉತ್ಸವಗಳು ಅದಾಗಲೇ ಯೂಟ್ಯೂಬಿನಲ್ಲಿರುವ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ; ತಿರುವನಂತಪುರದ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವವಿರಲಿ, ಬೆಂಗಳೂರಿನ ಕಿರುಚಿತ್ರೋತ್ಸವವಿರಲಿ, ಆ ವರ್ಷದ ನಿಯಮವನ್ನು ನೋಡಿಕೊಂಡೇ ಮುಂದುವರಿಯಬೇಕು. ಹಾಗಾಗಿ ಚಿತ್ರ ಇಂಟರ್‌ನೆಟ್ಟಿಗೆ ಬರಲು ಒಂದು ವರ್ಷವಾಗಬಹುದು, ಅಲ್ಲಿಯವರೆಗೆ ಪಾಸ್‌ವರ್ಡ್ ಇರುವ ಲಿಂಕಿನಲ್ಲಿ ಮಾತ್ರ ನೋಡಬೇಕಾಗುತ್ತದೆ ಎಂದು ಹಣ ಕೇಳುವಾಗಲೇ ಹೇಳಿಬಿಟ್ಟರೆ ಆಮೇಲೆ ‘ನಮ್ಮ ದುಡ್ಡಿನ ಸಿನಿಮಾ ಎಲ್ಲಿ’ ಎಂಬ ಪ್ರಶ್ನೆ ಏಳುವುದಿಲ್ಲ.

ಮೊದಲ ಪ್ರದರ್ಶನದ ಮರುವಾರದೊಳಗೆ ಜಮಾ ಖರ್ಚಿನ ಪೂರ್ಣ ಪಟ್ಟಿಯನ್ನು ಎಲ್ಲ ದಾನಿಗಳಿಗೂ ಕಳಿಸಬೇಕು, ವಸ್ತುರೂಪದಲ್ಲಿ ಕೊಟ್ಟವರ ಹೆಸರುಗಳೂ ಅದರಲ್ಲಿರಲಿ. ಅನಿರೀಕ್ಷಿತ ಖರ್ಚಿನ ಬಾಬತ್ತಿನಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಉತ್ಸವದ ಶುಲ್ಕಕ್ಕೆ ಸೇರಿಸುವುದೋ, ಮುಂದಿನ ತಂಡದ ಚಿತ್ರಕ್ಕೆಂದು ಕಾಲೇಜಿನ ಸಂಘಕ್ಕೆ ಒಪ್ಪಿಸುವುದೋ ಎಂಬುದನ್ನು ಅದೇ ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದು ತಿಳಿಸಬೇಕು.